ದಂಡೆಗೆ ಬಂದ ಚಪಲ್

ಮೋಟಾರು ಗಾಡಿಗಳಲ್ಲಿ ಓಟಕ್ಕೆಂದೇ ಕಟ್ಟಿದ ಒಂದು ಜಾತಿ ಉಂಟಷ್ಟೆ. ಅದಕ್ಕಿಂತ ಬೇಗ ಓಡುವ ಗಾಡಿ ಬಂದ ಮೇಲೂ ಜನ ಹಳೆಯದನ್ನು ಬಯಸುವರೆ? ಕಾರವಾರದಲ್ಲಿ ಈ ಪ್ರಶ್ನೆಗೆ ಗಾಡಿ ಉತ್ತರ ಹೇಳದು. ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ನಿಂತಿರುವ ಯುದ್ಧನೌಕೆ ಹೇಳುತ್ತದೆ.

ಅದರ ಹೆಸರು ಚಪಲ್. ಸಂಸ್ಕೃತದಲ್ಲಿ ಚಪಲವೆಂದರೆ ನಿಂತಲ್ಲಿ ನಿಲ್ಲದ್ದು, ಚುರುಕಾದದ್ದು. ಕನ್ನಡಿಗರ ಬಾಯಲ್ಲಿ ಅದು ನಾಲಗೆಯ ಆಸೆಯಾಯಿತು. ಸೋವಿಯತ್ ದೇಶದಲ್ಲಿ ಕಟ್ಟಿದ ಈ ಕ್ಷಿಪಣಿ ದೋಣಿ 1976ರ ನವೆಂಬರಿನಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಉದ್ದ ಮೂವತ್ತೆಂಟು ಮೀಟರು ಚಿಲ್ಲರೆ. ವೇಗ ಗಂಟೆಗೆ 65 ಕಿಲೋಮೀಟರಿಗೆ ಕಡಿಮೆಯಿಲ್ಲ. ಬೆನ್ನ ಮೇಲೆ ನಾಲ್ಕು ಕ್ಷಿಪಣಿಗಳು. ನೋಡಬಂದವರು ಕೆಲವರು ಕರಾಚಿಗೆ ಬೆಂಕಿಯಿಟ್ಟದ್ದು ಇದೇ ಎಂದು ಮಕ್ಕಳಿಗೆ ಹೇಳುವುದುಂಟು. ಆ ದಾಳಿ ನಡೆದದ್ದು 1971ರ ಡಿಸೆಂಬರ್ 4ರ ರಾತ್ರಿ. ನಡೆಸಿದವು ನಿಪಾತ್, ನಿರ್ಘಾತ್, ವೀರ್ ಎಂಬ ಇದರ ಅಕ್ಕಂದಿರು. ಐದು ವರ್ಷ ತಡವಾಗಿ ಬಂದ ತಂಗಿಗೆ ಆ ಕೀರ್ತಿ ಕಟ್ಟುವುದು ಸಲ್ಲ.

2005ರ ಮೇ 5ಕ್ಕೆ ಚಪಲ್ ನಿವೃತ್ತವಾಯಿತು. ಅದೇ ತಿಂಗಳ 31ಕ್ಕೆ ಅರಗಾದಲ್ಲಿ ಕದಂಬ ನೌಕಾನೆಲೆ ಸೇವೆಗೆ ತೊಡಗಿತು. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆಯದು ಆ ನೆಲೆ. ಕಾರವಾರ–ಅಂಕೋಲೆಗಳ ನಡುವಣ ಊರುಗಳವರು ಮನೆ, ಗದ್ದೆ, ಬಲೆ ಬೀಸುವ ದಂಡೆಗಳನ್ನು ಬಿಟ್ಟುಕೊಟ್ಟ ನೆಲ. ಅಲ್ಲಿಗೆ ವಿಕ್ರಮಾದಿತ್ಯದಂಥ ಮಹಾನೌಕೆ ಬಂದು ನಿಂತಿತು. ನೆಲ ಕೊಟ್ಟವನ ಮೊಮ್ಮಗ ಬೇಕೆನಿಸಿದಾಗ ಅದನ್ನು ಹತ್ತುವಂತಿಲ್ಲ. ಅವನ ಕೈಗೆಟಕುವುದು 2006ರಿಂದ ಸಂಗ್ರಹಾಲಯವಾದ ಚಪಲ್ ಒಂದೇ. ವೇಗದ ಪಂದ್ಯದಲ್ಲಿ ಸೋತ ನೌಕೆಗೆ ಇನ್ನೂ ಜನ ಸೇರುವ ಗುಟ್ಟು ಇಷ್ಟೇ ಎಂದು ನನ್ನ ಮತ.

ಇದಕ್ಕೂ ಹಳೆಯ ಮಾದರಿಯೊಂದು 2025ರ ಮೇ 21ರಂದು ಇದೇ ಕಾರವಾರದಲ್ಲಿ ನೌಕಾಪಡೆಗೆ ಸೇರಿತು: ಕೌಂಡಿನ್ಯ. ಅಜಂತೆಯ ಚಿತ್ರದಲ್ಲಿ ಕಂಡ ಹಡಗನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ್ದು. ಹಾಯಿಯ ಮೇಲೆ ಗಂಡಭೇರುಂಡ. ಹೊಲಿದವರು ಕೇರಳದ ಬಡಗಿಗಳು, ಬಾಬು ಶಂಕರನ್ ಅವರ ಮೇಲ್ವಿಚಾರಣೆಯಲ್ಲಿ. ಆ ವರ್ಷದ ಕೊನೆಗೆ ಅದು ಪೋರಬಂದರಿನಿಂದ ಮಸ್ಕತ್ತಿಗೆ ಹಾಯಿ ಬಿಚ್ಚಿತು. ಹುರಿ ಸವೆದರೆ ಮತ್ತೆ ಹೊಲಿಯಬಹುದು, ಹೊಲಿಯಬಲ್ಲ ಕೈಗಳಿರುವ ತನಕ.

ಚಪಲ್‌ನದು ಕಬ್ಬಿಣದ ಮೈ. ಹೊಸ ಹಡಗುಗಳಿಗಿಂತ ನಮ್ಮ ಉಪ್ಪುಗಾಳಿಯೇ ಅದಕ್ಕೆ ದೊಡ್ಡ ಎದುರಾಳಿ. ಪ್ರತಿ ವರ್ಷ ಮುಂಗಾರಿಗೆ ಮುನ್ನ ತುಕ್ಕು ಕೆರೆದು ಬಣ್ಣ ಬಳಿಯುವವರು ಅದಕ್ಕೆ ಬೇಕು.