ಬಂಡೆಯ ನೀರು ಮತ್ತು ಮುಡಿಪಿನ ಸಂತ

ನಮ್ಮ ಬೆಳ್ಳೂರಿನವರಿಗೆ ಗುಹಾಯಾತ್ರೆ ಹೊಸತಲ್ಲ. ನೆಟ್ಟಣಿಗೆಯ ಜಾಂಬ್ರಿ ಗುಹೆಗೆ ಪ್ರವೇಶ 12 ವರ್ಷಕ್ಕೊಮ್ಮೆ. ಆಗ ಊರಿಗೆ ಊರೇ ಅಲ್ಲಿ ಸೇರುತ್ತದೆ. ಕ್ರೈಸ್ತರಲ್ಲೂ ಇಂಥ ಗುಹೆಗಳಿವೆ. ಚೆನ್ನೈಯ ಸೈದಾಪೇಟೆ ಬಳಿಯ ಚಿನ್ನಮಲೆಯಲ್ಲಿ, ಏಸುವಿನ ಶಿಷ್ಯ ಸಂತ ತೋಮಸರು ಅಡಗಿದ್ದರೆಂದು ನಂಬುವ ಸಣ್ಣ ಗುಹೆಯೊಂದಿದೆ. 1551ರಲ್ಲಿ ಪೋರ್ಚುಗೀಸರು ಅಲ್ಲಿ ಇಗರ್ಜಿ ಕಟ್ಟಿದರು. ಸಂತರು ಬಂಡೆಗೆ ತಟ್ಟಿದಾಗ ನೀರು ಚಿಮ್ಮಿತೆಂದು ಅಲ್ಲಿನ ಕತೆ.

ಈ ಕತೆಗಾಗಿ ಚೆನ್ನೈವರೆಗೆ ಹೋಗಬೇಕಾಗಿಲ್ಲ. ಮಂಗಳೂರಿನಿಂದ ಕೊಣಾಜೆ ದಾಟಿದರೆ ಸಿಗುವ ಮುಡಿಪಿನಲ್ಲೂ ಇದನ್ನೇ ಹೇಳುತ್ತಾರೆ. ಅಲ್ಲಿ ಗುಹೆಯಿಲ್ಲ, ಗುಡ್ಡ, ಬಂಡೆ, ಮೂರು ಒರತೆಗಳು. ಸಂತನ ಹೆಸರು ಜೋಸೆಫ್ ವಾಜ್.

ವಾಜ್ ಹುಟ್ಟಿದ್ದು 1651ರಲ್ಲಿ, ಗೋವೆಯ ಬೆನೌಲಿಂನಲ್ಲಿ. 1681ರಿಂದ 1684ರವರೆಗೆ ಕೆನರಾದಲ್ಲಿದ್ದರು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಹೌದು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಅದೇ ಚೆನ್ನಮ್ಮ! ಇಲ್ಲಿನ ಕ್ರೈಸ್ತರು ಪೋರ್ಚುಗೀಸರ ಅಧಿಕಾರಕ್ಕೆ ಸೇರಿದವರೋ, ರೋಮಿನಿಂದ ನೇಮಕವಾದ ಬಿಷಪರ ಅಧಿಕಾರಕ್ಕೋ ಎಂಬ ಜಗಳ ಜೋರಾಗಿತ್ತು. ಎರಡೂ ಕಡೆಯವರ ನಡುವೆ ಓಡಾಡಿದವರು ವಾಜ್. ಅವರನ್ನು ಆಗದವರು, ರೋಗಿಯೊಬ್ಬನಿದ್ದಾನೆಂದು ಸುಳ್ಳು ಹೇಳಿ ಮುಡಿಪಿನ ಗುಡ್ಡಕ್ಕೆ ಕರೆದೊಯ್ದರಂತೆ, ಕೊಲ್ಲಲು. ಆಗಲೇ ಬಂಡೆಯಿಂದ ನೀರು ಬಂತೆಂಬುದು ಐತಿಹ್ಯ.

ಮುರಕಲ್ಲಿನ ನೆಲದಲ್ಲಿ ಗುಡ್ಡದ ಬದಿಯಿಂದ ನೀರು ಒಸರುವುದು ನಮಗೆ ಸೋಜಿಗವಲ್ಲ. ಆ ಒಸರನ್ನು ಹಿಡಿಯಲೆಂದೇ ನಮ್ಮ ಹಿರಿಯರು ಸುರಂಗ ಕೊರೆದರು. ಬೇಸಗೆಯಲ್ಲೂ ಬತ್ತದ ಒರತೆಯ ಬೆಲೆ ತಿಳಿದವರು ಅದಕ್ಕೊಬ್ಬ ಸಂತನ ಹೆಸರನ್ನು ಸೇರಿಸಿದ್ದಾರೆ ಎಂದು ನನಗನಿಸುತ್ತದೆ. ನಂಬುವವರಿಗೆ ಇದರಿಂದ ಬೇಸರವಾಗಬೇಕಿಲ್ಲ.

ನನಗಂತೂ ನೀರಿಗಿಂತ ಮುಂದಿನ ಕತೆಯೇ ದೊಡ್ಡದು. 1687ರಲ್ಲಿ ವಾಜ್ ಕೂಲಿಯಾಳಿನ ವೇಷದಲ್ಲಿ ಸಿಲೋನಿಗೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಸೆರೆಯಾದರು. ಬಿಡುಗಡೆಯಾದ ಮೇಲೂ ಊರಿಗೆ ಮರಳಲಿಲ್ಲ. 1711ರ ಜನವರಿ 16ರಂದು ಅಲ್ಲಿಯೇ ತೀರಿಕೊಂಡರು. ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದ್ದು 2015ರ ಜನವರಿ 14ರಂದು, ಕೊಲಂಬೊದಲ್ಲಿ.

1956ರಲ್ಲಿ ಮುಡಿಪು ಮೈಸೂರು ರಾಜ್ಯಕ್ಕೆ, ನಾವು ಕೇರಳಕ್ಕೆ ಸೇರಿದೆವು. ಆದರೆ ಬೇಳ, ಕಯ್ಯಾರಿನ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಆ ಮನೆಗಳ ಮಕ್ಕಳು ನಿಮ್ಮ ತರಗತಿಯಲ್ಲೂ ಇರಬಹುದು. ಮುಡಿಪಿನ ಕತೆಯನ್ನು ಅಜ್ಜಿಯರಿಂದ ಕೇಳಿ ಬರೆಯಿಸಿಕೊಳ್ಳಿ. ಯಾರು, ಯಾವಾಗ ಹೇಳಿದ್ದೆಂದು ಪಕ್ಕದಲ್ಲೇ ಗುರುತು ಹಾಕಿಸಿ.