‘ಬಸಂತ್ ಬಹಾರ್’: ದುರ್ಗದ ಕಥೆ, ಕುಂದಗೋಳದ ಕಂಠ

1956ರಲ್ಲಿ ತೆರೆಕಂಡ ‘ಬಸಂತ್ ಬಹಾರ್’ ಹಿಂದೀ ಚಲನಚಿತ್ರವು ಇಂದಿಗೂ ಸ್ಮರಣೆಯಲ್ಲಿ ಉಳಿದಿರುವುದು ಮುಖ್ಯವಾಗಿ ಅದರ ಸಂಗೀತದಿಂದ. ರಾಜಾ ನವಾಥೆಯವರ ನಿರ್ದೇಶನ, ಭರತ್ ಭೂಷಣ್ ಮತ್ತು ನಿಮ್ಮಿಯವರ ಅಭಿನಯ, ಶಂಕರ್–ಜೈಕಿಶನ್ ಜೋಡಿಯ ಸ್ವರಸಂಯೋಜನೆ, ಶೈಲೇಂದ್ರ ಹಾಗೂ ಹಸರತ್ ಜೈಪುರಿಯವರ ಗೀತರಚನೆ—ಇವು ಚಲನಚಿತ್ರದ ಇತಿಹಾಸಕಾರರು ತಪ್ಪದೆ ದಾಖಲಿಸುವ ಸಂಗತಿಗಳು. ಈ ಐತಿಹಾಸಿಕ ಪ್ರಣಯಕಥೆಯ ಎರಡು ಬೇರುಗಳು ಕನ್ನಡ ನೆಲದಲ್ಲಿವೆ ಎಂಬ ಅಂಶಕ್ಕೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. ಚಿತ್ರದ ಕಥೆ ಚಿತ್ರದುರ್ಗದ್ದು. ಅದರ ಅತ್ಯಂತ ಪ್ರೌಢವಾದ ಕಂಠ ಧಾರವಾಡ ಸೀಮೆಯ ಕುಂದಗೋಳದಲ್ಲಿ ಪಳಗಿದ್ದು.

ಚಿತ್ರಕ್ಕೆ ಆಧಾರವಾದುದು ತ.ರಾ. ಸುಬ್ಬರಾಯರ ‘ಹಂಸಗೀತೆ’ (1952) ಕಾದಂಬರಿ. ಹದಿನೆಂಟನೆಯ ಶತಮಾನದ ದುರ್ಗದಲ್ಲಿ ಬಾಳಿದನೆನ್ನಲಾದ ಭೈರವಿ ವೆಂಕಟಸುಬ್ಬಯ್ಯ ಅದರ ನಾಯಕ. ಅರಸೊತ್ತಿಗೆಗೆ ತನ್ನ ಗಾನವನ್ನು ಒಪ್ಪಿಸಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಂಡ ಗಾಯಕನ ಐತಿಹ್ಯವನ್ನು ತ.ರಾ.ಸು. ಕಲೆ ಮತ್ತು ಅಧಿಕಾರಗಳ ಸಂಘರ್ಷವಾಗಿ ಬೆಳೆಸಿದ್ದಾರೆ. ಮುಂಬಯಿಯ ಚಿತ್ರೋದ್ಯಮವು ಈ ವಸ್ತುವನ್ನು ಮೊಗಲ್ ದೊರೆ ಮುಹಮ್ಮದ್ ಶಾಹನ ದರಬಾರಿಗೆ ಸಾಗಿಸಿತು. ವೆಂಕಟಸುಬ್ಬಯ್ಯನ ಸ್ಥಾನದಲ್ಲಿ ಗೋಪಾಲ ಬಂದ. ಕರ್ನಾಟಕ ಸಂಗೀತದ ಸ್ಥಾನದಲ್ಲಿ ಹಿಂದುಸ್ತಾನಿ ಬಂದಿತು. ನಾಲ್ಕು ವರ್ಷಗಳ ಹಿಂದೆ ಇದೇ ಭರತ್ ಭೂಷಣ್ ನಾಯಕನಾಗಿದ್ದ ‘ಬೈಜು ಬಾವ್ರಾ’ (1952) ಗಳಿಸಿದ್ದ ಯಶಸ್ಸು ಈ ಸ್ಥಳಾಂತರಕ್ಕೆ ಪ್ರೇರಣೆಯಾಗಿರಬೇಕು. ಅಲ್ಲಿ ತಾನಸೇನ ಮತ್ತು ಬೈಜೂರ ಸ್ಪರ್ಧೆಗೆ ಅಮೀರ್ ಖಾನ್ ಮತ್ತು ಡಿ.ವಿ. ಪಲೂಸ್ಕರ್ ಹಾಡಿದ್ದರು. ದರಬಾರಿನ ಸ್ಪರ್ಧೆಯೆಂದರೆ ನಿಜವಾದ ಶಾಸ್ತ್ರೀಯ ಗಾಯಕರೇ ಬೇಕೆಂಬ ನಿರೀಕ್ಷೆ ಪ್ರೇಕ್ಷಕರಲ್ಲಿ ಆಗಲೇ ಮೂಡಿತ್ತು.

ಸ್ಥಳಾಂತರದಿಂದ ಕಥೆ ತನ್ನ ದುರ್ಗದ ನೆಲೆಯನ್ನು ಕಳೆದುಕೊಂಡಿತು, ನಿಜ. ಆದರೆ ಹಿಂದುಸ್ತಾನಿ ಗಾಯನವು ಧಾರವಾಡ ಸೀಮೆಗೆ ಪರಕೀಯವಾಗಿರಲಿಲ್ಲ. ಹೀಗಾಗಿ ದುರ್ಗದ ಕಥೆ ಕನ್ನಡದಿಂದ ದೂರ ಸರಿದಂತೆ ಕಂಡ ಘಟ್ಟದಲ್ಲಿಯೇ ಮತ್ತೊಬ್ಬ ಕನ್ನಡಿಗ ಅದರೊಳಗೆ ಪ್ರವೇಶಿಸಲು ಅವಕಾಶವಾಯಿತು. ಅವರು ಭೀಮಸೇನ ಜೋಶಿ.

ಅಂದಿನ ಧಾರವಾಡ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಜನಿಸಿ ಗದಗಿನಲ್ಲಿ ಬೆಳೆದ ಭೀಮಸೇನರು ಗುರುವನ್ನರಸಿ 1933ರಲ್ಲಿ ಮನೆ ಬಿಟ್ಟು ಉತ್ತರದ ಊರೂರು ಅಲೆದರು. ಕೊನೆಗೆ ಗುರು ದೊರೆತದ್ದು ಗದಗಿಗೆ ಸಮೀಪದ ಕುಂದಗೋಳದಲ್ಲಿ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಆ ಊರಿನಲ್ಲಿ ಅಬ್ದುಲ್ ಕರೀಮ್ ಖಾನರ ಶಿಷ್ಯ ರಾಮಚಂದ್ರ ಕುಂದಗೋಳಕರ, ಅರ್ಥಾತ್ ಸವಾಯಿ ಗಂಧರ್ವರು (1886–1952) ನೆಲೆಸಿದ್ದರು. ಇಲ್ಲಿನ ನಾಡಿಗೇರ ಮನೆತನದ ವಾಡೆ ಕಿರಾನಾ ಪರಂಪರೆಯ ಗಾಯಕರಿಗೆ ಆಶ್ರಯಸ್ಥಾನವಾಗಿತ್ತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹಿಂದಿರುಗುತ್ತಿದ್ದ ಗಂಗೂಬಾಯಿ ಹಾನಗಲ್ ಅವರೂ ಇದೇ ಗುರುವಿನ ಶಿಷ್ಯೆ. ಭೀಮಸೇನರದು ಗುರುಗೃಹವಾಸ: ನೀರು ಹೊರುವುದೂ ವಿದ್ಯಾಭ್ಯಾಸದ ಭಾಗವೇ ಆಗಿತ್ತು. ತೋಡಿ, ಮುಲ್ತಾನಿ, ಪೂರಿಯಾ ರಾಗಗಳ ದೀರ್ಘ ಸಾಧನೆಯಿಂದ ಅವರ ಕಂಠ ಹದಗೊಂಡಿತು.

ಇಂಥ ಶಿಕ್ಷಣ ಪಡೆದವರು ಚಲನಚಿತ್ರಕ್ಕೆ ಹಾಡಿದ್ದು ಪರಂಪರೆಯ ಉಲ್ಲಂಘನೆಯೇ ಎಂಬ ಪ್ರಶ್ನೆ ಸಹಜ. ಸವಾಯಿ ಗಂಧರ್ವರ ಜೀವನದಲ್ಲಿಯೇ ಇದಕ್ಕೆ ಉತ್ತರವಿದೆ. ಅವರಿಗೆ ಕೀರ್ತಿಯೂ ಬಿರುದೂ ಬಂದದ್ದು ಮರಾಠಿ ರಂಗಭೂಮಿಯಿಂದ. ಸ್ತ್ರೀಪಾತ್ರಗಳಲ್ಲಿ ಹಾಡಿ ಅವರು ಜನರನ್ನು ಗೆದ್ದಿದ್ದರು. ಕಥೆಯ ಸನ್ನಿವೇಶಕ್ಕೆ ಹೊಂದಿಸಿ, ರಾಗವನ್ನು ಚಿಕ್ಕ ಅವಧಿಯಲ್ಲಿ ಬಿಂಬಿಸುವ ವಿದ್ಯೆ ಕುಂದಗೋಳದ ಮನೆಗೆ ಹೊಸದಾಗಿರಲಿಲ್ಲ. ಆದ್ದರಿಂದ ಶಿಷ್ಯನ ಚಿತ್ರಗಾಯನವನ್ನು ಆಕಸ್ಮಿಕ ವಿಚಲನೆಯೆಂದು ಬದಿಗೆ ಸರಿಸುವುದು ಉಚಿತವಲ್ಲ.

ಚಿತ್ರದಲ್ಲಿ ಭೀಮಸೇನರ ಕಂಠ ಗೋಪಾಲನ ಪ್ರತಿಸ್ಪರ್ಧಿಯದು. ‘ಕೇತಕಿ ಗುಲಾಬ್ ಜೂಹಿ’ ಎಂಬ ಗೀತೆಯಲ್ಲಿ ನಾಯಕನಿಗಾಗಿ ಹಾಡಿದವರು ಮನ್ನಾ ಡೇ. ಭೀಮಸೇನರ ಎದುರು ಹಾಡಿ ಗೆಲ್ಲಬೇಕೆಂದಾಗ ಊರು ಬಿಟ್ಟು ಓಡಿಹೋಗುವ ಯೋಚನೆ ತಮಗೆ ಬಂದಿತ್ತೆಂದು ಮನ್ನಾ ಡೇ ಮುಂದೆ ಹೇಳಿಕೊಂಡಿದ್ದಾರೆ. ಅವರನ್ನು ಮೆಚ್ಚಿ, ಶಾಸ್ತ್ರೀಯ ಗಾಯನವನ್ನು ಮುಂದುವರಿಸುವಂತೆ ಹುರಿದುಂಬಿಸಿದವರು ಭೀಮಸೇನರೇ. ತೆರೆಯ ಮೇಲೆ ನಾಯಕ ಸೋಲುವಂತಿಲ್ಲ; ಆದ್ದರಿಂದ ಗೆಲುವು ಕಥೆಯ ನಿರ್ಣಯವೇ ಹೊರತು ಸಂಗೀತದ್ದಲ್ಲ. ಹಾಡನ್ನು ಮಾತ್ರ ಕೇಳುವವರಿಗೆ ಅಲ್ಲಿ ಸೋತವರಾರೂ ಕಾಣುವುದಿಲ್ಲ. ಕಿರಾನಾದ ವೈಶಿಷ್ಟ್ಯವಾದ ವಿಲಂಬಿತ ಬಢತ್‌ಗೆ ಆ ಕೆಲವೇ ನಿಮಿಷಗಳಲ್ಲಿ ಎಡೆಯಿಲ್ಲ. ಸ್ವರದ ತುಂಬುತನ ಮತ್ತು ತಾನಿನ ವೇಗ ಇವೆರಡೇ ಉಳಿದಿವೆ. ಭೀಮಸೇನರ ಗುರುತು ಹತ್ತಲು ಅಷ್ಟೇ ಸಾಕು.

ಚಿತ್ರ ಸಿದ್ಧವಾಗುವ ವೇಳೆಗೆ ಗುರು ಇರಲಿಲ್ಲ. 1952ರ ಸೆಪ್ಟೆಂಬರಿನಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವರು ತೀರಿಕೊಂಡಿದ್ದರು. ಮರುವರ್ಷದಿಂದ ಅವರ ಪುಣ್ಯಸ್ಮರಣೆಯ ಸಂಗೀತೋತ್ಸವ ಅಲ್ಲಿ ಆರಂಭವಾಗಿತ್ತು. ಭೀಮಸೇನರು ಮುಂದೆಯೂ ಚಿತ್ರಗಳಿಗೆ ವಿರಳವಾಗಿ ಹಾಡಿದರು. ‘ಅನಕಹೀ’ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಕನ್ನಡದಲ್ಲಿ ಅ.ನ.ಕೃ. ಅವರ ಕಾದಂಬರಿಯನ್ನಾಧರಿಸಿದ ‘ಸಂಧ್ಯಾರಾಗ’ (1966) ಮುಖ್ಯವಾದುದು. ಅದೇ ಚಿತ್ರಕ್ಕೆ ಎಂ. ಬಾಲಮುರಳೀಕೃಷ್ಣ ಅವರೂ ಹಾಡಿದ್ದಾರೆ. ತ.ರಾ.ಸು. ಅವರ ಕಥೆ ಕನ್ನಡದ ತೆರೆಗೆ ಬಂದುದು 1975ರಲ್ಲಿ, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯಾಗಿ. ಅಲ್ಲಿ ವೆಂಕಟಸುಬ್ಬಯ್ಯ ತನ್ನ ಹೆಸರನ್ನೂ ಕರ್ನಾಟಕ ಸಂಗೀತವನ್ನೂ ಮರಳಿ ಪಡೆದ. ಬಾಲಮುರಳೀಕೃಷ್ಣ ಅವರು ಅದರ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದರು.