ಛಲ ಆಗಲೂ ಇತ್ತು, ದಾರಿ ಇರಲಿಲ್ಲ

ಮೊದಲು ಒಂದು ಲೆಕ್ಕ ನೋಡೋಣ. 1968ರಿಂದ 2016ರವರೆಗಿನ 48 ವರ್ಷಗಳಲ್ಲಿ ಭಾರತ ತಂಡ 11 ಸಲ ಪ್ಯಾರಾಲಿಂಪಿಕ್ಸ್‌ಗೆ ಹೋಗಿ ಬಂತು. ಗೆದ್ದದ್ದು ಒಟ್ಟು 12 ಪದಕ. ಅದಾದ ಮೇಲೆ ನಡೆದದ್ದು ಎರಡೇ ಕೂಟ, ಟೋಕಿಯೊ ಮತ್ತು ಪ್ಯಾರಿಸ್. ಅವೆರಡರಲ್ಲಿ ಗೆದ್ದದ್ದು 48 ಪದಕ.

ಈ ಬದಲಾವಣೆಗೆ ಟಿವಿಯವರು, ವಾಟ್ಸಾಪ್ ಸಂದೇಶಗಳು ಹೇಳುವ ಕಾರಣ ಒಂದೇ: ಛಲ. ಕೈ ಇಲ್ಲದಿದ್ದರೂ ಛಲ ಬಿಡಲಿಲ್ಲ, ಕಾಲಿಲ್ಲದಿದ್ದರೂ ಎದೆಗುಂದಲಿಲ್ಲ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಛಲವೊಂದೇ ಕಾರಣವಾಗಿದ್ದರೆ, ಮೊದಲಿನ 48 ವರ್ಷ ನಮ್ಮ ದೇಶದ ವಿಕಲಚೇತನರಿಗೆ ಛಲವೇ ಇರಲಿಲ್ಲ ಅಂದಹಾಗಾಯಿತು. ಇತಿಹಾಸ ಬೇರೆಯೇ ಹೇಳುತ್ತದೆ. ಆ ಇತಿಹಾಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಆಸ್ಪತ್ರೆ ಅಂಗಳದಲ್ಲಿ ಹುಟ್ಟಿದ ಕೂಟ

ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಿಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಅಲ್ಲಿನ ವೈದ್ಯರು ಲುಡ್ವಿಗ್ ಗುಟ್‌ಮನ್. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ. ಆಟವೂ ಒಂದು ಔಷಧಿ ಎಂದು ನಂಬಿದವರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಅವರು ಆಸ್ಪತ್ರೆ ಅಂಗಳದಲ್ಲಿ 16 ಮಂದಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಅದೇ ಬೆಳೆದು 1960ರಲ್ಲಿ ರೋಮ್‌ನಲ್ಲಿ 23 ದೇಶಗಳ 400 ಕ್ರೀಡಾಪಟುಗಳ ಕೂಟವಾಯಿತು. ಅದನ್ನೇ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಪ್ಯಾರಾ’ ಅಂದರೆ ಪಕ್ಕದಲ್ಲಿ, ಜೊತೆಯಲ್ಲಿ. ಒಲಿಂಪಿಕ್ಸ್ ಜೊತೆಜೊತೆಗೇ ನಡೆಯುವ ಕೂಟ ಎಂದು ಅರ್ಥ.

ಮೊದಮೊದಲು ಗಾಲಿಕುರ್ಚಿಯಲ್ಲಿ ಕೂರುವವರಿಗೆ ಮಾತ್ರ ಪ್ರವೇಶ ಇತ್ತು. ಕೈಕಾಲು ಕಳೆದುಕೊಂಡವರಿಗೆ, ಕಣ್ಣು ಕಾಣದವರಿಗೆ ಬಾಗಿಲು ತೆರೆದದ್ದು 1976ರಲ್ಲಿ, ಟೊರಾಂಟೊದಲ್ಲಿ. ಯಾರಿಗೆ ಬಾಗಿಲು ತೆರೆಯುತ್ತಾರೆ ಅನ್ನುವುದರ ಮೇಲೆ ಯಾರು ಗೆಲ್ಲಬಹುದು ಅನ್ನುವುದು ನಿಂತಿದೆ. ಇದೊಂದು ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಸ್ಲಾಂಪುರದ ಸೈನಿಕ

ಭಾರತದ ಮೊದಲ ತಂಡ ಹೋದದ್ದು 1968ರಲ್ಲಿ, ಇಸ್ರೇಲಿನ ಟೆಲ್ ಅವಿವ್‌ಗೆ. ಎಂಟು ಗಂಡಸರು, ಇಬ್ಬರು ಹೆಂಗಸರು. ಪದಕ ಬರಲಿಲ್ಲ.

ಅದರಲ್ಲಿ ಒಬ್ಬರು ಮುರಳಿಕಾಂತ್ ಪೇಟ್ಕರ್. ನಮ್ಮ ಬೆಳಗಾವಿಗೆ ತಾಗಿಕೊಂಡ ಸಾಂಗ್ಲಿ ಜಿಲ್ಲೆಯ ಪೇಠ್ ಇಸ್ಲಾಂಪುರದವರು. ಸೇನೆಯಲ್ಲಿದ್ದರು, ಒಳ್ಳೆಯ ಬಾಕ್ಸರ್. 1965ರ ಯುದ್ಧದಲ್ಲಿ ಮೈಗೆ ಗುಂಡುಗಳು ಹೊಕ್ಕು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಕಿತ್ಸೆಗೆಂದು ನೀರಿಗಿಳಿದವರು ಈಜುಗಾರರಾದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು.

2008ರಲ್ಲಿ ಅಭಿನವ್ ಬಿಂದ್ರಾ ಶೂಟಿಂಗ್‌ನಲ್ಲಿ ಗೆದ್ದಾಗ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ಎಂದು ದೇಶವೇ ಕುಣಿಯಿತು. ಒಲಿಂಪಿಕ್ಸ್ ಲೆಕ್ಕದಲ್ಲಿ ಅದು ಸರಿಯೇ. ಆದರೆ ಅದಕ್ಕೂ 36 ವರ್ಷ ಮೊದಲೇ ಸೊಂಟದ ಕೆಳಗೆ ಬಲವಿಲ್ಲದ ಒಬ್ಬ ಸೈನಿಕ ಈಜುಕೊಳದಿಂದ ಚಿನ್ನ ಎತ್ತಿಕೊಂಡು ಬಂದಿದ್ದು ಎಷ್ಟು ಜನಕ್ಕೆ ನೆನಪಿತ್ತು? ಪೇಟ್ಕರ್ ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಗೆದ್ದ 46 ವರ್ಷದ ಮೇಲೆ. 2024ರಲ್ಲಿ ‘ಚಂದು ಚಾಂಪಿಯನ್’ ಸಿನಿಮಾ ಬಂದ ಮೇಲೆಯೇ ಹೆಚ್ಚಿನವರಿಗೆ ಅವರ ಹೆಸರು ಗೊತ್ತಾಯಿತು.

ಖಾಲಿ ವರ್ಷಗಳು

ಅಷ್ಟು ದೊಡ್ಡ ಗೆಲುವಿನ ನಂತರ ಏನಾಯಿತು? 1976ರಲ್ಲಿ ಭಾರತ ತಂಡವನ್ನೇ ಕಳಿಸಲಿಲ್ಲ. 1980ರಲ್ಲೂ ಇಲ್ಲ. 1984ರಲ್ಲಿ ಹೋದಾಗ ಜೋಗಿಂದರ್ ಸಿಂಗ್ ಬೇಡಿ ಒಬ್ಬರೇ ಗುಂಡು ಎಸೆತದಲ್ಲಿ ಬೆಳ್ಳಿ, ಚಕ್ರ ಎಸೆತ ಮತ್ತು ಜಾವೆಲಿನ್‌ನಲ್ಲಿ ಕಂಚು ತಂದರು. ಭೀಮರಾವ್ ಕೇಸರ್ಕರ್ ಜಾವೆಲಿನ್‌ನಲ್ಲಿ ಬೆಳ್ಳಿ ಗೆದ್ದರು. ಅಂದರೆ ಕಳಿಸಿದರೆ ಗೆಲ್ಲುವವರು ಇದ್ದರು. ಆಮೇಲೆ 2000ದವರೆಗೆ ನಾಲ್ಕು ಕೂಟಗಳಲ್ಲಿ ಒಂದೂ ಪದಕವಿಲ್ಲ.

ಆ ಖಾಲಿ ವರ್ಷಗಳಲ್ಲೇ ಬೆಂಗಳೂರಿನ ಮಾಲತಿ ಹೊಳ್ಳ ಆಡುತ್ತಿದ್ದರು. ಕೂಸಾಗಿದ್ದಾಗಲೇ ಪೋಲಿಯೊ ತಗುಲಿದವರು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತ, ಗಾಲಿಕುರ್ಚಿಯಲ್ಲಿ ಕೂತು ಗುಂಡು, ಚಕ್ರ, ಭರ್ಜಿ ಎಸೆದರು. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ಗೂ ಹೋದರು. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಬಂತು. ಪ್ಯಾರಾಲಿಂಪಿಕ್ಸ್ ಪದಕ ಮಾತ್ರ ಬರಲಿಲ್ಲ. ಅವರಿಗೆ ಛಲ ಕಡಿಮೆ ಇತ್ತು ಎಂದು ಯಾರಾದರೂ ಹೇಳಬಲ್ಲರೇ?

ಹನ್ನೆರಡು ವರ್ಷ ಕಾದ ಭರ್ಜಿ

ಪ್ಯಾರಾ ಕ್ರೀಡೆ ಅರ್ಥವಾಗಬೇಕಾದರೆ ವರ್ಗ ವಿಂಗಡಣೆ ಅರ್ಥವಾಗಬೇಕು. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಕಟ್ಟುವುದಿಲ್ಲವೇ, ಹಾಗೆ ಇಲ್ಲಿ ದೇಹದ ಊನ ಎಂಥದು, ಎಷ್ಟು ಎಂದು ನೋಡಿ ವರ್ಗ ಮಾಡುತ್ತಾರೆ. ಹೆಸರಿನ ಮುಂದೆ ಕಾಣುವ ಎಫ್46, ಟಿ11 ಎಂಬ ಅಕ್ಷರ, ಅಂಕಿಗಳು ಅದೇ. ತಜ್ಞರು ಪರೀಕ್ಷೆ ಮಾಡಿ ವರ್ಗ ಕೊಡುತ್ತಾರೆ, ಬೇಕಾದರೆ ಬದಲಿಸುತ್ತಾರೆ. ಟೋಕಿಯೊದಲ್ಲಿ ಚಕ್ರ ಎಸೆತದ ಕಂಚು ಗೆದ್ದ ನಮ್ಮ ವಿನೋದ್ ಕುಮಾರ್ ಆ ವರ್ಗಕ್ಕೆ ಸೇರುವುದಿಲ್ಲ ಎಂದು ತೀರ್ಮಾನವಾಗಿ ಪದಕವೇ ಕೈತಪ್ಪಿತು.

ಇನ್ನೊಂದು ತೊಡಕಿದೆ. ಎಲ್ಲ ವರ್ಗಕ್ಕೂ ಎಲ್ಲ ಆಟವೂ ಪ್ರತಿ ಕೂಟದಲ್ಲಿ ಇರುವುದಿಲ್ಲ. ರಾಜಸ್ಥಾನದ ಚೂರು ಜಿಲ್ಲೆಯ ದೇವೇಂದ್ರ ಝಾಝಡಿಯಾ ಕಥೆ ನೋಡಿ. ಎಂಟು ವರ್ಷದ ಹುಡುಗ ಮರ ಹತ್ತಿದಾಗ ಕರೆಂಟ್ ತಂತಿ ತಗುಲಿ ಎಡಗೈ ಹೋಯಿತು. 2004ರ ಅಥೆನ್ಸ್‌ನಲ್ಲಿ 62.15 ಮೀಟರ್ ಜಾವೆಲಿನ್ ಎಸೆದು ವಿಶ್ವದಾಖಲೆ ಮಾಡಿ ಚಿನ್ನ ಗೆದ್ದರು. ಮುಂದಿನ ಸಲ 2008ರಲ್ಲಿ ಅವರ ವರ್ಗಕ್ಕೆ ಜಾವೆಲಿನ್ ಸ್ಪರ್ಧೆಯೇ ಇರಲಿಲ್ಲ. 2012ರಲ್ಲೂ ಇರಲಿಲ್ಲ. ಅದು ಮರಳಿ ಬಂದದ್ದು 2016ರ ರಿಯೋದಲ್ಲಿ. 35ನೇ ವಯಸ್ಸಿನಲ್ಲಿ ಅವರು 63.97 ಮೀಟರ್ ಎಸೆದು, ತಮ್ಮದೇ ದಾಖಲೆ ಮುರಿದು ಮತ್ತೆ ಚಿನ್ನ ಗೆದ್ದರು. ನಡುವಿನ ಹನ್ನೆರಡು ವರ್ಷ ಅವರ ತೋಳಿನಲ್ಲಿ ಬಲ ಇರಲಿಲ್ಲವೆಂದಲ್ಲ, ಪಟ್ಟಿಯಲ್ಲಿ ಅವರ ಆಟ ಇರಲಿಲ್ಲ.

ಬಾಗಿಲು ತೆರೆದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಟೋಕಿಯೊದಲ್ಲಿ ಮೊದಲ ಸಲ ಬ್ಯಾಡ್ಮಿಂಟನ್ ಸೇರಿಸಿದರು. ಭಾರತಕ್ಕೆ ಅದೊಂದರಲ್ಲೇ ನಾಲ್ಕು ಪದಕ ಬಂತು. ಅದರಲ್ಲಿ ಒಂದು ಬೆಳ್ಳಿ ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಅವರದು. ಆಗ ಅವರು ಉತ್ತರ ಪ್ರದೇಶದ ಗೌತಮ ಬುದ್ಧ ನಗರದ ಜಿಲ್ಲಾಧಿಕಾರಿ. ಪ್ಯಾರಿಸ್‌ನಲ್ಲೂ ಬೆಳ್ಳಿ ಗೆದ್ದರು.

ಹಾಸನದ ಹುಡುಗ, 1.74 ಮೀಟರ್

ಹಾಸನದ ಹೆಸರು ಪ್ಯಾರಾಲಿಂಪಿಕ್ಸ್‌ಗೆ ಮೊದಲು ತಲುಪಿಸಿದವರು ಮಾತ್ರ ಎಚ್.ಎನ್. ಗಿರೀಶ. ಆ ಜಿಲ್ಲೆಯ ಹಳ್ಳಿಯವರು. ಎಡಗಾಲಿನ ಊನ ಹುಟ್ಟಿನಿಂದ ಬಂದದ್ದು. 2012ರ ಲಂಡನ್‌ನಲ್ಲಿ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿದರು. ಚಿನ್ನ ಗೆದ್ದ ಫಿಜಿಯ ಇಲಿಯೆಸಾ ಡೆಲಾನಾ ಹಾರಿದ್ದೂ 1.74, ಕಂಚು ಗೆದ್ದ ಪೋಲೆಂಡಿನವರು ಹಾರಿದ್ದೂ 1.74. ಯಾರು ಎಷ್ಟು ಸಲ ತಪ್ಪಿದರು ಎಂಬ ಲೆಕ್ಕದಲ್ಲಿ ಗಿರೀಶಗೆ ಬೆಳ್ಳಿ. ಲಂಡನ್‌ಗೆ ಹೋದ ಹತ್ತು ಜನರ ತಂಡಕ್ಕೆ ಅದೊಂದೇ ಪದಕ.

ಅದಾಗಿ ಮೂರು ವರ್ಷಕ್ಕೆ, 2015ರಲ್ಲಿ, ಗಾಜಿಯಾಬಾದ್‌ನ ರಾಷ್ಟ್ರೀಯ ಪ್ಯಾರಾ ಕೂಟದಲ್ಲಿ ಕ್ರೀಡಾಪಟುಗಳಿಗೆ ಮಲಗಲು ಸರಿಯಾದ ಜಾಗವಿಲ್ಲ, ಬಳಸಲು ತಕ್ಕ ಶೌಚಾಲಯವಿಲ್ಲ ಎಂಬ ಸುದ್ದಿ ದೇಶವೆಲ್ಲ ಹರಡಿತು. ಅಂತರರಾಷ್ಟ್ರೀಯ ಸಮಿತಿ ನಮ್ಮ ಪ್ಯಾರಾಲಿಂಪಿಕ್ ಸಮಿತಿಯನ್ನೇ ಅಮಾನತು ಮಾಡಿತು. ರಿಯೋಗೆ ಮುಂಚೆ ಅದು ತೆರವಾಯಿತು. ಆ ರಿಯೋದಲ್ಲೇ ಭಾರತಕ್ಕೆ ನಾಲ್ಕು ಪದಕ. ದೀಪಾ ಮಲಿಕ್ ಗುಂಡು ಎಸೆತದಲ್ಲಿ ಬೆಳ್ಳಿ ಗೆದ್ದು, ಪ್ಯಾರಾಲಿಂಪಿಕ್ಸ್ ಪದಕ ತಂದ ನಮ್ಮ ಮೊದಲ ಮಹಿಳೆಯಾದರು.

ಬದಲಾದದ್ದು ಏನು?

ತಂಡದ ಗಾತ್ರ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

2008 ಬೀಜಿಂಗ್: 5 ಜನ, ಪದಕ ಇಲ್ಲ
2012 ಲಂಡನ್: 10 ಜನ, 1 ಪದಕ
2016 ರಿಯೋ: 19 ಜನ, 4 ಪದಕ
2020ರ ಟೋಕಿಯೊ (ನಡೆದದ್ದು 2021ರಲ್ಲಿ): 54 ಜನ, 19 ಪದಕ
2024 ಪ್ಯಾರಿಸ್: 84 ಜನ, 29 ಪದಕ

ಇಷ್ಟು ಜನ ತಯಾರಾಗಲು ದುಡ್ಡು ಬೇಕು, ತರಬೇತುದಾರರು ಬೇಕು. ಕೇಂದ್ರ ಸರ್ಕಾರದ ‘ಟಾಪ್ಸ್’ ಯೋಜನೆ 2014ರಲ್ಲಿ ಬಂತು. ಅದರಲ್ಲಿ ಆಯ್ಕೆಯಾದ ಪ್ಯಾರಾ ಕ್ರೀಡಾಪಟುಗಳಿಗೂ ತರಬೇತಿ, ಸಲಕರಣೆ, ವಿದೇಶ ಪ್ರವಾಸದ ಖರ್ಚು ಸಿಗತೊಡಗಿತು. ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದವರಿಗೆ ಕ್ರೀಡಾ ಸಚಿವಾಲಯ 75 ಲಕ್ಷ ರೂಪಾಯಿ ಕೊಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕ್ರೀಡೆಯಲ್ಲಿ ಭಾಗವಹಿಸುವುದನ್ನು ಹಕ್ಕಿನ ಮಾತಾಗಿ ಬರೆದಿಟ್ಟಿತು. 2023ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಮೊದಲ ಖೇಲೋ ಇಂಡಿಯಾ ಪ್ಯಾರಾ ಕೂಟ ನಡೆಯಿತು. 2024ರಲ್ಲಿ ಪ್ಯಾರಾಲಿಂಪಿಕ್ ಸಮಿತಿಯ ಅಧ್ಯಕ್ಷರಾದದ್ದು ಆ ದೇವೇಂದ್ರ ಝಾಝಡಿಯಾ ಅವರೇ.

ಇನ್ನರ್ಧ ಉತ್ತರ ಊರಿನ ಮಟ್ಟದಲ್ಲಿದೆ. ರಿಯೋದಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ಮಾರಿಯಪ್ಪನ್ ತಂಗವೇಲು ತಮಿಳುನಾಡಿನ ಸೇಲಂ ಬಳಿಯ ಹಳ್ಳಿಯವರು. ಐದನೇ ವಯಸ್ಸಿನಲ್ಲಿ ಶಾಲೆಗೆ ಹೋಗುವಾಗ ಬಸ್ಸು ಬಲಗಾಲಿನ ಮೇಲೆ ಹರಿಯಿತು. ತಾಯಿ ತರಕಾರಿ ಮಾರಿ ಮಕ್ಕಳನ್ನು ಸಾಕಿದರು. ಈ ಹುಡುಗ ಹಾರಬಲ್ಲ ಎಂದು ಮೊದಲು ಕಂಡುಕೊಂಡವರು ಶಾಲೆಯ ದೈಹಿಕ ಶಿಕ್ಷಕರು. ಆಮೇಲೆ ರಾಷ್ಟ್ರೀಯ ಕೂಟದಲ್ಲಿ ಕಣ್ಣಿಟ್ಟು ಬೆಂಗಳೂರಿಗೆ ಕರೆತಂದು ಪಳಗಿಸಿದವರು ತರಬೇತುದಾರ ಸತ್ಯನಾರಾಯಣ. ಆ ಮೇಷ್ಟ್ರು ‘ನೀನು ಕೂತ್ಕೋ’ ಅಂದಿದ್ದರೆ ಮುಂದಿನದು ಯಾವುದೂ ಇಲ್ಲ.

ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರಿಗೆ ಕಣ್ಣು ಕಾಣದು. ಏಷ್ಯನ್ ಪ್ಯಾರಾ ಕೂಟಗಳಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದು ಪ್ಯಾರಿಸ್‌ವರೆಗೂ ಹೋದರು, ಅಲ್ಲಿ ಪದಕ ಬರಲಿಲ್ಲ. ಅವರ ವರ್ಗದಲ್ಲಿ ಓಡುವವರ ಜೊತೆ ಒಬ್ಬ ಮಾರ್ಗದರ್ಶಿ ಓಟಗಾರ ಇರುತ್ತಾರೆ. ಇಬ್ಬರ ಕೈಗೂ ಒಂದೇ ಚಿಕ್ಕ ದಾರ. ಮಾರ್ಗದರ್ಶಿ ಅವರಿಗಿಂತ ವೇಗವಾಗಿ ಓಡಬಲ್ಲವರಾಗಿರಬೇಕು, ದಿನವೂ ಜೊತೆಗೆ ಅಭ್ಯಾಸ ಮಾಡಬೇಕು. ಅಂಥ ಒಬ್ಬರು ಸಿಗದಿದ್ದರೆ ಛಲ ಎಷ್ಟಿದ್ದರೂ ಓಡುವುದಕ್ಕೆ ಆಗುವುದಿಲ್ಲ.

ನಮ್ಮೂರಿನ ಮಾತು

ನಮ್ಮ ಹಳ್ಳಿಗಳಲ್ಲಿ ಕಾಲು ಎಳೆದು ನಡೆಯುವವನ ನಿಜವಾದ ಹೆಸರು ಮರೆತೇ ಹೋಗಿ ಅಡ್ಡಹೆಸರೇ ಉಳಿದಿರುತ್ತದೆ. ಶಾಲೆಯಲ್ಲಿ ಪಿಟಿ ಪೀರಿಯಡ್ ಬಂದರೆ ಅಂಥ ಮಗುವಿಗೆ ಎಲ್ಲರ ಬ್ಯಾಗು ಕಾಯುವ ಕೆಲಸ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ, ಪಾಪ ಅನ್ನುತ್ತಲೇ ಮಾಡುತ್ತಾರೆ. ಆದರೆ ಮೇಲೆ ಹೇಳಿದ ಖಾಲಿ ವರ್ಷಗಳು ಶುರುವಾಗುವುದು ಅಲ್ಲಿಂದಲೇ.

ಹಾಗಾಗಿ ಛಲದ ಕಥೆ ಹಂಚುವುದರ ಜೊತೆಗೆ ಇನ್ನೊಂದೆರಡು ಕೆಲಸ ಮಾಡಬಹುದು. ಆ ಮಗುವಿಗೆ ಯುಡಿಐಡಿ ಕಾರ್ಡ್ ಆಗಿದೆಯೇ ಕೇಳಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಕಾರ್ಡಿನ ಅರ್ಜಿಗೆ ಅವರು ನೆರವಾಗುತ್ತಾರೆ. ಪ್ಯಾರಾ ಕ್ರೀಡೆಯ ಆಯ್ಕೆ ಎಲ್ಲಿ, ಯಾವಾಗ ಎಂದು ಜಿಲ್ಲಾ ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಮತ್ತೆ, ನಿಮ್ಮೂರ ಶಾಲೆಯ ಪಿಟಿ ಮೇಷ್ಟ್ರಿಗೆ ಸೇಲಂನ ಆ ಹುಡುಗನ ಕಥೆ ಹೇಳಿ. ಮುಂದಿನ ಪಿಟಿ ಪೀರಿಯಡ್‌ನಲ್ಲಿ ಬ್ಯಾಗುಗಳು ಗೋಡೆ ಬದಿ ತಮ್ಮ ಪಾಡಿಗೆ ತಾವಿರಲಿ.